ಪುಸ್ತಕ ಕಟ್ಟುವ ಹುಡುಗ

ಮೊನ್ನೆ ಒಬ್ಬ ಭಕ್ತರು ಮಠಕ್ಕೆ ಬಂದಿದ್ದರು. ಜೊತೆಯಲ್ಲಿ ಹದಿಮೂರು ವರ್ಷದ ಮಗ. "ಬುದ್ಧಿ, ಇವನನ್ನು ಶಾಲೆ ಬಿಡಿಸಿ ಸೈಕಲ್ ಅಂಗಡಿಗೆ ಹಾಕೋಣ ಅಂತಿದ್ದೇವೆ. ಬಡವರ ಮನೆಯ ಹುಡುಗ, ಓದಿ ಏನಾದಾನು?" ಎಂದರು. ಪಕ್ಕದಲ್ಲಿದ್ದ ಇನ್ನೊಬ್ಬರು ಅವರಿಗೆ ಸಮಾಧಾನ ಹೇಳಿದರು: "ಯೋಚನೆ ಯಾಕೆ? ದೊಡ್ಡವರಾದವರೆಲ್ಲ ಬಡತನದಲ್ಲಿ ಬೆಂದು ಬಂದವರೇ." ಹುಡುಗ ತಲೆ ತಗ್ಗಿಸಿ ನಿಂತಿದ್ದ. ನಮಗೆ ಈ ಎರಡು ಮಾತುಗಳಲ್ಲಿ ಒಂದೂ ಸರಿಯೆನಿಸಲಿಲ್ಲ. ಬಡತನ ಮನುಷ್ಯನನ್ನು ಕಟ್ಟಿಹಾಕುತ್ತದೆ ಎಂಬುದು ಅರ್ಧ ಸತ್ಯ. ಬಡತನವೇ ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆ ಎಂಬುದು ಅದಕ್ಕಿಂತ ಅಪಾಯದ ಮಾತು. ಹಾಗಾದರೆ ಬಾಲ್ಯವು ಒಬ್ಬನ ಸಾಧನೆಯನ್ನು ರೂಪಿಸುವುದು ಎಂದರೇನು? ಅದನ್ನು ಒಬ್ಬನೇ ಒಬ್ಬ ಮನುಷ್ಯನ ಬದುಕಿನಲ್ಲಿ ಇಟ್ಟು ನೋಡೋಣ.

ಮೈಕೇಲ್ ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಅಂಚಿನ ಒಂದು ಬಡ ಬಡಾವಣೆಯಲ್ಲಿ. ತಂದೆ ಕಮ್ಮಾರ. ಉತ್ತರದ ಹಳ್ಳಿಯಿಂದ ಕೆಲಸ ಹುಡುಕಿಕೊಂಡು ಬಂದವನು. ಆದರೆ ಮೈಯಲ್ಲಿ ಸದಾ ಕಾಯಿಲೆ. ಕುಲುಮೆಯ ಮುಂದೆ ದಿನವಿಡೀ ನಿಲ್ಲುವ ಶಕ್ತಿ ಇರಲಿಲ್ಲ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಈ ಹುಡುಗನ ಪಾಲಿಗೆ ವಾರಕ್ಕೆ ಒಂದು ರೊಟ್ಟಿ, ಅದೇ ಏಳು ದಿನಕ್ಕೂ ಬರಬೇಕು ಎಂಬ ಸ್ಥಿತಿ. ಓದು ಬರಹ, ಸ್ವಲ್ಪ ಲೆಕ್ಕ. ಶಾಲೆಯಲ್ಲಿ ಕಲಿತದ್ದು ಅಷ್ಟೇ. 1804ರಲ್ಲಿ, ನಮ್ಮ ಆ ಹುಡುಗನದೇ ವಯಸ್ಸಿನಲ್ಲಿ, ರೀಬೊ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಆಳಾಗಿ ಸೇರಿದ. ಮನೆಮನೆಗೆ ಪತ್ರಿಕೆ ಕೊಟ್ಟು, ಅವರು ಓದಿದ ಮೇಲೆ ಮತ್ತೆ ಇಸಿದುಕೊಂಡು ಇನ್ನೊಂದು ಮನೆಗೆ ಮುಟ್ಟಿಸುವ ಕೆಲಸ. ಮರುವರ್ಷ ಅದೇ ಅಂಗಡಿಯಲ್ಲಿ ಪುಸ್ತಕ ಕಟ್ಟುವ ಕಸುಬು ಕಲಿಯಲು ಏಳು ವರ್ಷದ ಕರಾರಾಯಿತು. ಕಸುಬು ಕಲಿಯುವ ಹುಡುಗನ ಮನೆಯವರು ಯಜಮಾನನಿಗೆ ಹಣ ಕಟ್ಟಬೇಕಾದ ಕಾಲ ಅದು. ಹುಡುಗನ ನಿಯತ್ತು ನೋಡಿ ರೀಬೊ ಆ ಹಣವನ್ನು ಬಿಟ್ಟುಕೊಟ್ಟ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪುಸ್ತಕ ಕಟ್ಟುವವನ ಕೈಯಲ್ಲಿ ನಿತ್ಯವೂ ಪುಸ್ತಕವಿರುತ್ತದೆ. ಆದರೆ ಆತ ನೋಡುವುದು ಅದರ ಬೆನ್ನನ್ನು, ಹೊಲಿಗೆಯನ್ನು, ರಟ್ಟನ್ನು. ಫ್ಯಾರಡೆ ಕಟ್ಟಲು ಬಂದ ಪುಸ್ತಕವನ್ನು ಓದತೊಡಗಿದ. ರಿಪೇರಿಗೆ ಬಂದಿದ್ದ ಬ್ರಿಟಾನಿಕ ವಿಶ್ವಕೋಶದ ಸಂಪುಟದಲ್ಲಿ ವಿದ್ಯುತ್ತಿನ ಲೇಖನ ಸಿಕ್ಕಿತು. ಜೇನ್ ಮಾರ್ಸೆಟ್ ಎಂಬ ಹೆಣ್ಣುಮಗಳು ರಸಾಯನಶಾಸ್ತ್ರವನ್ನು ಸಂವಾದದ ರೂಪದಲ್ಲಿ ಬರೆದ ಪುಸ್ತಕ ಸಿಕ್ಕಿತು. ಓದಿದ್ದನ್ನು ನಂಬಿ ಸುಮ್ಮನಾಗಲಿಲ್ಲ. ಕೈಯಲ್ಲಿದ್ದ ಚಿಲ್ಲರೆ ಕಾಸಿನಿಂದ ಹಳೆಯ ಬಾಟಲಿ, ಒಂದಿಷ್ಟು ಸಾಮಾನು ತಂದು, ನಿಜವೇ ಎಂದು ಮಾಡಿ ನೋಡಿದ. ಬೇರೆ ಯಜಮಾನನಾಗಿದ್ದರೆ ಕಿವಿ ಹಿಂಡುತ್ತಿದ್ದ. ರೀಬೊ ಹಿಂಡಲಿಲ್ಲ. ಆ ಮನೆಯಲ್ಲಿ ಬಾಡಿಗೆಗಿದ್ದ ಚಿತ್ರಕಾರನೊಬ್ಬನ ಕೋಣೆ ಗುಡಿಸಿ, ಬೂಟಿಗೆ ಬಣ್ಣ ಹಚ್ಚಿ, ಅದಕ್ಕೆ ಪ್ರತಿಯಾಗಿ ಹುಡುಗ ಚಿತ್ರ ಬರೆಯುವುದನ್ನು ಕಲಿತ.

1810ರಲ್ಲಿ ಟೇಟಮ್ ಎಂಬುವರು ಸಂಜೆ ಹೊತ್ತು ವಿಜ್ಞಾನದ ಉಪನ್ಯಾಸ ಮಾಡುತ್ತಿದ್ದರು. ಕೇಳಲು ಒಂದು ಶಿಲಿಂಗ್. ಹುಡುಗನ ಬಳಿ ಎಲ್ಲಿಂದ ಬರಬೇಕು? ಅಣ್ಣ ರಾಬರ್ಟ್ ಕೊಟ್ಟ. ಆತ ತಂದೆಯ ಕಸುಬನ್ನೇ ಹಿಡಿದಿದ್ದ ಕಮ್ಮಾರ. ಅದೇ ವರ್ಷ ತಂದೆ ತೀರಿಕೊಂಡ. ತಾಯಿ ಮನೆಯಲ್ಲಿ ಬಾಡಿಗೆಯವರನ್ನು ಇಟ್ಟುಕೊಂಡು ಸಂಸಾರ ತೂಗಿಸಿದಳು. ಅಂಥ ಹೊತ್ತಿನಲ್ಲೂ ಆ ಅಣ್ಣ ತಮ್ಮನ ಉಪನ್ಯಾಸಕ್ಕೆ ಶಿಲಿಂಗ್ ಕೊಟ್ಟ. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಹಸಿವಿನಲ್ಲಿ ಬೆಳೆದವರು. ಬಡತನವೇ ಗುರುವಾಗಿದ್ದರೆ ರಾಬರ್ಟನ ಹೆಸರೂ ನಾವು ಓದಬೇಕಿತ್ತಲ್ಲವೇ? ಇತಿಹಾಸದಲ್ಲಿ ರಾಬರ್ಟನ ಹೆಸರು ಬರುವುದು ಆ ಶಿಲಿಂಗಿನಿಂದ. ನಮ್ಮ ಮನಸ್ಸಿಗೆ ಅದೇನೂ ಸಣ್ಣ ಹೆಸರಲ್ಲ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳಿಗೆ ಟಿಕೆಟ್ಟು ಕೊಡಿಸಿದರು. ಹುಡುಗ ಮೇಲಿನ ಅಟ್ಟದಲ್ಲಿ ಕುಳಿತು ಕೇಳಿದ, ಬರೆದುಕೊಂಡ, ಮನೆಗೆ ಬಂದು ಚಿತ್ರಸಮೇತ ಮುನ್ನೂರಕ್ಕೂ ಮಿಕ್ಕ ಪುಟ ಮಾಡಿದ, ತನ್ನ ಕೈಯಿಂದಲೇ ರಟ್ಟು ಕಟ್ಟಿದ. ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಕೆಲಸ ಕೊಡಿರೆಂದು ಬರೆದ ಕಾಗದಕ್ಕೆ ಉತ್ತರವೇ ಬರಲಿಲ್ಲ. ಈ ಕಟ್ಟಿದ ಪುಸ್ತಕವನ್ನು ಕಳಿಸಿದಾಗ ಡೇವಿ ಕರೆದು ಮಾತನಾಡಿಸಿದರು. ಡೇವಿಯೂ ಹಳ್ಳಿಗಾಡಿನ ಮರಗೆತ್ತನೆಯವನ ಮಗ, ಔಷಧಿ ಮಾಡುವವರ ಬಳಿ ಆಳಾಗಿ ಕಲಿತವರು. ಆದರೂ ಮೊದಲು ಹೇಳಿದ್ದು, ಕಟ್ಟುವ ಕಸುಬನ್ನೇ ಮಾಡಿಕೊಂಡಿರಪ್ಪಾ ಎಂದು! ಮುಂದೆ ಅಲ್ಲಿನ ಸಹಾಯಕನೊಬ್ಬ ಜಗಳವಾಡಿ ಕೆಲಸ ಕಳೆದುಕೊಂಡ. 1813ರ ಮಾರ್ಚ್ 1ರಂದು ಫ್ಯಾರಡೆ ಆ ಜಾಗಕ್ಕೆ ಬಂದ. ವಾರಕ್ಕೆ 25 ಶಿಲಿಂಗ್, ಮೇಲಿನ ಅಂತಸ್ತಿನಲ್ಲಿ ಎರಡು ಕೋಣೆ.

ಮುಂದಿನದು ಶಾಲೆಯ ಪಾಠದಲ್ಲಿದೆ. 1831ರ ಆಗಸ್ಟ್ 29ರಂದು ಆತ ಒಂದು ಕಬ್ಬಿಣದ ಬಳೆಗೆ ಎರಡು ಕಡೆ ತಂತಿ ಸುತ್ತಿ, ಒಂದು ಕಡೆಯ ವಿದ್ಯುತ್ತನ್ನು ಹಚ್ಚಿದಾಗಲೂ ಆರಿಸಿದಾಗಲೂ ಇನ್ನೊಂದು ಕಡೆಯ ತಂತಿಯಲ್ಲಿ ಕ್ಷಣಮಾತ್ರ ವಿದ್ಯುತ್ತು ಹರಿಯುವುದನ್ನು ಕಂಡ. ಕೆಲವೇ ವಾರಗಳಲ್ಲಿ, ಅಯಸ್ಕಾಂತವನ್ನು ಸುರುಳಿಯೊಳಗೆ ಆಡಿಸಿದರೂ ವಿದ್ಯುತ್ತು ಹುಟ್ಟುತ್ತದೆಂದು ತೋರಿಸಿದ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ತೆಗೆದು ಕೋಲಾರದ ಗಣಿಗೆ ಕಳಿಸಿದ್ದು ಇದೇ ತತ್ತ್ವದ ಮೇಲೆ. ನೀವು ಈಗ ನಮ್ಮ ಮಾತು ಕೇಳುತ್ತಿರುವ ಈ ಧ್ವನಿವರ್ಧಕಕ್ಕೂ ಮೂಲ ಅಲ್ಲಿದೆ.

ಆ ಬಳೆಯ ತಂತಿಗಳು ಒಂದಕ್ಕೊಂದು ತಾಗಬಾರದಿತ್ತು. ಆತ ಅದಕ್ಕೆ ಬಳಸಿದ್ದು ಏನು? ದಾರ ಮತ್ತು ಬಟ್ಟೆ. ಸುತ್ತು ಸುತ್ತಿನ ನಡುವೆ ದಾರ, ಪದರ ಪದರದ ನಡುವೆ ಬಟ್ಟೆ. ಏಳು ವರ್ಷ ಪುಟಗಳನ್ನು ಹೊಲಿದ ಬೆರಳುಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಹಾಗೆಯೇ ಟಿಪ್ಪಣಿಯ ಅಭ್ಯಾಸ. ನೆನಪು ಕೈಕೊಡುತ್ತದೆ ಎಂದು ಆತ ಬಾಳಿನುದ್ದಕ್ಕೂ ಕೊರಗಿದವನು. ಪ್ರಯೋಗದ ದಿನಚರಿಯಲ್ಲಿ ಒಂದೊಂದು ಕಂಡಿಕೆಗೂ ಸಂಖ್ಯೆ ಕೊಟ್ಟು ಬರೆದ. ಆ ಸಂಖ್ಯೆ 16,000 ದಾಟಿತು. ಸೋತ ಪ್ರಯೋಗವನ್ನೂ ಬಿಡದೆ ಬರೆದ. ಕಾಯಕ ಎಂದರೆ ಕೈಗೆ ಬಂದ ಕೆಲಸ ಮಾತ್ರವಲ್ಲ, ಕೆಲಸದಿಂದ ಕೈಗೆ ಬಂದದ್ದು ಕೂಡ.

ಇಷ್ಟು ಹೇಳಿ ಬಿಟ್ಟರೆ ನಿಮಗೆ ಮೋಸ ಮಾಡಿದಂತೆ. ಬಾಲ್ಯ ಕೊಡದೇ ಹೋದದ್ದೂ ಕಡೆಯವರೆಗೆ ಜೊತೆಗೆ ಬಂತು. ಫ್ಯಾರಡೆಗೆ ಮೇಲಿನ ಗಣಿತ ಬರಲಿಲ್ಲ. ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಗೆರೆಗೆರೆಯಾಗಿ ನಿಲ್ಲುವುದನ್ನು ನೋಡಿ, ಆ ಗೆರೆಗಳಲ್ಲೇ ಬಲ ಅಡಗಿದೆ ಎಂದು ಆತ ಯೋಚಿಸಿದ. ಲೆಕ್ಕ ಬಲ್ಲವರಲ್ಲಿ ಅನೇಕರು ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಕೇಂಬ್ರಿಜ್‌ನಲ್ಲಿ ಓದಿದ ಮ್ಯಾಕ್ಸ್‌ವೆಲ್ ಎಂಬ ತರುಣ ಆ ಗೆರೆಗಳಿಗೆ ಗಣಿತದ ರೂಪ ಕೊಡಹೊರಟಾಗ ಫ್ಯಾರಡೆಗೆ ಅರವತ್ತು ದಾಟಿತ್ತು. 1857ರಲ್ಲಿ ಮುದುಕ ಆ ತರುಣನಿಗೆ ಕಾಗದ ಬರೆದು, ಗಣಿತದಿಂದ ನೀವು ಮುಟ್ಟಿದ ನಿರ್ಣಯಗಳನ್ನು ನನ್ನಂಥವನಿಗೆ ತಿಳಿಯುವ ಸಾಮಾನ್ಯ ಭಾಷೆಯಲ್ಲಿ ಹೇಳಲಾಗದೇ ಎಂದು ಕೇಳಿದ. ಗಣಿತ ಬಾರದ್ದರಿಂದಲೇ ಆತ ಹೊಸದಾಗಿ ನೋಡಿದ ಎನ್ನುವವರಿದ್ದಾರೆ. ಇರಬಹುದು. ಆದರೆ ಆ ಕಾಗದವನ್ನು ಓದಿದವರು ಮಗುವನ್ನು ಶಾಲೆ ಬಿಡಿಸಲು ಇದನ್ನೊಂದು ನೆಪ ಮಾಡಿಕೊಳ್ಳಲಾರರು.

ಮನೆಯಿಂದ ಬಂದ ಇನ್ನೊಂದು ಸಂಸ್ಕಾರವೂ ಉಂಟು. ಆ ಮನೆಯವರು ಸ್ಯಾಂಡಿಮೇನಿಯನ್ ಎಂಬ ಸಣ್ಣ ಕ್ರೈಸ್ತ ಪಂಥದವರು. ಹಣ ಕೂಡಿಡುವುದು ಅವರಲ್ಲಿ ತಪ್ಪು. ಫ್ಯಾರಡೆ ಸರ್ ಪದವಿಯನ್ನು ಒಲ್ಲೆನೆಂದ, ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ಒಲ್ಲೆನೆಂದ. ಆದರೆ ಚಿಕ್ಕ ಮಕ್ಕಳಿಗಾಗಿ ಕ್ರಿಸ್‌ಮಸ್ ಕಾಲದ ಉಪನ್ಯಾಸಮಾಲೆಯನ್ನು ಹತ್ತೊಂಬತ್ತು ವರ್ಷ ನಡೆಸಿಕೊಟ್ಟ. ಶಿಲಿಂಗ್ ಕೊಟ್ಟು ಉಪನ್ಯಾಸ ಕೇಳಿದ್ದ ಹುಡುಗನಿಗೆ ಅದನ್ನು ಮಾತ್ರ ಒಲ್ಲೆನೆನ್ನಲಾಗಲಿಲ್ಲ ಎಂದು ನಮಗೆ ತೋರುತ್ತದೆ.

ಬೆಳೆಯುವ ಪೈರು ಮೊಳಕೆಯಲ್ಲೇ ಕಾಣುತ್ತದೆ ಎನ್ನುತ್ತೇವೆ. ಆ ಗಾದೆಯನ್ನು ನಾವು ನೆನೆಯುವುದು ಸುಗ್ಗಿಯಾದ ಮೇಲೆ. ಆ ಅಂಗಡಿಯಲ್ಲಿ ಯಜಮಾನ ಕಿವಿ ಹಿಂಡಿದ್ದರೆ, ಅಣ್ಣ ಶಿಲಿಂಗ್ ಇಲ್ಲವೆಂದಿದ್ದರೆ, ಗಿರಾಕಿ ಟಿಕೆಟ್ಟು ಬೇರೆ ಯಾರಿಗೋ ಕೊಟ್ಟಿದ್ದರೆ, ಮೊಳಕೆಯಲ್ಲಿ ಏನಿತ್ತೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಆ ತಂದೆ ಮುಂದಿನ ಸೋಮವಾರ ಬರುತ್ತೇನೆಂದು ಹೋಗಿದ್ದಾರೆ. ಪ್ರಸಾದನಿಲಯದಲ್ಲಿ ಜಾಗವಿದೆ ಎಂದು ತಿಳಿಸಿದ್ದೇವೆ. ಹುಡುಗನನ್ನು ಏನು ಓದುವ ಆಸೆ ಎಂದು ಕೇಳಿದೆವು. ಸೈಕಲ್ಲಿನ ಡೈನಮೊ ಹೇಗೆ ದೀಪ ಹತ್ತಿಸುತ್ತದೆ ಎಂದು ನಮ್ಮನ್ನೇ ತಿರುಗಿ ಕೇಳಿದ.