ಬೀಗದ ಮೇಲಣ ಹೆಸರು

ಮನೆಯ ಬೀಗದ ಮೇಲೆ ಅದನ್ನು ಮಾಡಿದವರ ಹೆಸರನ್ನೂ ಒಂದು ಸಂಖ್ಯೆಯನ್ನೂ ಕೆತ್ತಿರುವುದನ್ನು ವಾಚಕರು ನೋಡಿರಬಹುದು. ಆ ಜಾತಿಯ ಬೀಗದ ಕುಂದನ್ನು ಬಲ್ಲ ಕಳ್ಳನಿಗೆ ಆ ಅಕ್ಷರಗಳೇ ಸಾಕು. ಅರೇಹಳ್ಳಿಯಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ತನ್ನ ತೋಟದ ಕಾಫಿಪುಡಿಯನ್ನು ಮಾರುವುದಕ್ಕೋಸ್ಕರ ಒಂದು ಜಾಲತಾಣವನ್ನು ಇಟ್ಟುಕೊಂಡಿದ್ದಾನೆ. ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ನೋಡಲಾಗಿ, ಕಾಫಿಯ ಚಿತ್ರವಿದ್ದ ಸ್ಥಳದಲ್ಲಿ ಯಾವುದೋ ಜೂಜಿನ ಜಾಹೀರಾತು! ಗಿರಾಕಿಗಳ ವಿಳಾಸಗಳೂ ಫೋನ್ ಸಂಖ್ಯೆಗಳೂ ಅನ್ಯರ ವಶವಾದುವೋ ಏನೋ ಎಂದು ಅವನಿಗೆ ಎರಡು ರಾತ್ರಿ ನಿದ್ರೆಯಿಲ್ಲ. "ಮೇಷ್ಟ್ರೇ, ಈ ಮೂಲೆಯಲ್ಲಿರುವ ನನ್ನನ್ನು ಅವರು ಹೇಗೆ ಕಂಡುಹಿಡಿದರು?" ಎಂದು ಕೇಳಿದನು.

ಜಾಲತಾಣವು ಎಲ್ಲಿಯೋ ಇರುವ ಸರ್ವರ್ ಎಂಬ ಯಂತ್ರದಲ್ಲಿ ವಾಸಿಸುವುದು. ನಾವು ಪುಟವನ್ನು ಬೇಡಿದಾಗ ಅದು ಪುಟದೊಡನೆ ನಮ್ಮ ಕಣ್ಣಿಗೆ ಬೀಳದ ಕೆಲವು ಪಂಕ್ತಿಗಳನ್ನೂ ಕಳುಹಿಸುತ್ತದೆ. ಅವುಗಳಲ್ಲೊಂದು, 'ನಾನು ಅಪಾಚೆ, ನನ್ನ ಆವೃತ್ತಿ ಇಂಥದು' ಎಂದು ಯಾರೂ ಕೇಳದೆಯೇ ಹೇಳಿಬಿಡುವುದುಂಟು. ಯಾವ ತಂತ್ರಾಂಶದ ಯಾವ ಆವೃತ್ತಿಯಲ್ಲಿ ಯಾವ ದೋಷವಿದೆಯೆಂಬ ಪಟ್ಟಿಯಾದರೋ ೧೯೯೯ರಿಂದ ಲೋಕಕ್ಕೆಲ್ಲ ಪ್ರಕಟವಾಗುತ್ತಿದೆ. ಕಳ್ಳನು ತಾನೇ ಬರಬೇಕಾದುದಿಲ್ಲ. ಅವನು ಬಿಟ್ಟ ಯಂತ್ರಗಳು ಹಗಲಿರುಳು ಕದ ತಟ್ಟುತ್ತಿರುವುವು. ಅವುಗಳಿಗೆ ಬೆಂಗಳೂರೂ ಒಂದೇ, ಅರೇಹಳ್ಳಿಯೂ ಒಂದೇ.

ಈ ಬಾಯಿಬಡುಕತನವನ್ನು ನಿಲ್ಲಿಸುವುದು ಸುಲಭ. ಅಪಾಚೆಯಲ್ಲಿ 'ಸರ್ವರ್‌ಟೋಕನ್ಸ್' ಎಂಬುದನ್ನು 'ಪ್ರಾಡ್' ಎಂದಿಟ್ಟರೆ ಹೆಸರು ಮಾತ್ರ ಉಳಿದು ಆವೃತ್ತಿ ಮರೆಯಾಗುವುದು. ಪಿಎಚ್‌ಪಿಗೂ ಅಂಥದೇ ಒಂದು ಗುಂಡಿಯುಂಟು. ತಪ್ಪು ಸಂಭವಿಸಿದಾಗ ತೋರುವ ಪುಟದಲ್ಲಿ ಒಳಗಿನ ಕಡತಗಳ ಹೆಸರು ಹೊರಬೀಳದಂತೆಯೂ ನೋಡತಕ್ಕದ್ದು.

ನಮ್ಮ ಹಾಸನ ಜಿಲ್ಲೆಯ ರುದ್ರಪಟ್ಟಣದವರಾದ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ, ಆಮೆಯು ಅಂಗಗಳನ್ನು ಸೆಳೆದುಕೊಳ್ಳುವಂತೆ ರಾಜನು ತನ್ನ ರಂಧ್ರಗಳನ್ನು ಮುಚ್ಚಿಕೊಳ್ಳಬೇಕೆಂಬ ಉಪದೇಶವಿದೆ. ಇದನ್ನು ಪಾಠ ಹೇಳುವಾಗ ನಾವು ಆಮೆಗೆ ಚಿಪ್ಪೂ ಇದೆಯೆಂಬುದನ್ನು ಹುಡುಗರಿಗೆ ನೆನಪಿಸುತ್ತಿದ್ದೆವು. ಚಿಪ್ಪಿಲ್ಲದ ಪ್ರಾಣಿ ತಲೆಯನ್ನು ಅಡಗಿಸಿ ಫಲವೇನು? ಹೆಸರನ್ನು ಮುಚ್ಚಿದರೂ ಕುಕಿಯ ಹೆಸರು, ಉತ್ತರದ ಧಾಟಿ ಇವುಗಳಿಂದ ನಿಪುಣನು ಯಂತ್ರವನ್ನು ಊಹಿಸಬಲ್ಲನು. ಎಷ್ಟೋ ಯಂತ್ರಗಳು ಹೆಸರನ್ನು ವಿಚಾರಿಸದೆಯೇ ಎಲ್ಲ ಬೀಗದ ಕೈಗಳನ್ನೂ ತಿರುಗಿಸಿ ನೋಡುವುವು. ಗುಪ್ತಲಿಪಿಯ ಪದ್ಧತಿಯು ಶತ್ರುವಿನ ಕೈಗೆ ಸಿಕ್ಕಿದರೂ ಕೆಡಬಾರದೆಂದು ಕೆರ್ಕ್‌ಹಾಫ್ಸ್ ಎಂಬ ಪಂಡಿತನು ೧೮೮೩ರಲ್ಲಿಯೇ ಬರೆದನು. ೨೦೧೭ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯಿಂದ ಸುಮಾರು ೧೪.೭ ಕೋಟಿ ಜನರ ವಿವರಗಳು ಕಳುವಾದುವು. ದೋಷಕ್ಕೆ ತೇಪೆಯು ಮಾರ್ಚಿಯಲ್ಲಿಯೇ ದೊರೆತಿದ್ದಿತು, ಕಳ್ಳರು ದತ್ತಾಂಶಕ್ಕೆ ಕೈಹಾಕಿದ್ದು ಮೇ ತಿಂಗಳಲ್ಲಿ. ಹಚ್ಚಬೇಕಾದ ಕಡೆ ಹಚ್ಚಿರಲಿಲ್ಲ.

ಶಿಷ್ಯನ ತಾಣದಲ್ಲಿಯೂ ನಾಲ್ಕು ವರ್ಷದ ಹಳೆಯ ತಂತ್ರಾಂಶವಿದ್ದಿತು. ಕಟ್ಟಿಕೊಟ್ಟವರು ಹಣ ಪಡೆದು ಹೋದವರು ಮತ್ತೆ ತಲೆಹಾಕಿರಲಿಲ್ಲ. ಈಗ ಎಲ್ಲವನ್ನೂ ಹೊಸದು ಮಾಡಿಸಿ, ಗುಪ್ತಪದಗಳನ್ನು ಬದಲಿಸಿ, ಕಡೆಗೆ ಆವೃತ್ತಿಯನ್ನೂ ಮುಚ್ಚಿಸಿದ್ದಾನೆ. ನಡೆದುದನ್ನು ಮುಚ್ಚಿಡಲೇ ಎಂದು ಕೇಳಿದಾಗ ನಾವು ಕೂಡದೆಂದೆವು. ಗಿರಾಕಿಗಳೆಲ್ಲರಿಗೂ ಬರೆದನು. ಇಬ್ಬರು ಬೈದರಂತೆ, ಉಳಿದವರು ಪುಡಿ ಯಾವಾಗ ಬರುವುದೆಂದು ವಿಚಾರಿಸಿದರು.