ಅಕ್ಷರ ಹೊತ್ತು ಹೊರಟವರು

ಅಮೆರಿಕದ ಚರಿತ್ರೆಯನ್ನು ಪಾಠ ಹೇಳುವಾಗ ನಾನು ಬಹುಕಾಲ ಗೋಡೆಯ ಭೂಪಟವನ್ನೇ ನೆಚ್ಚಿಕೊಂಡಿದ್ದೆ. ಪೂರ್ವದ ಹದಿಮೂರು ಸಂಸ್ಥಾನಗಳಿಗೆ ಒಂದು ಬಣ್ಣ. 1803ರಲ್ಲಿ ಫ್ರಾನ್ಸಿನಿಂದ ಒಂದೂವರೆ ಕೋಟಿ ಡಾಲರಿಗೆ ಕೊಂಡ ಲೂಸಿಯಾನಕ್ಕೆ ಇನ್ನೊಂದು. 1848ರಲ್ಲಿ ಮೆಕ್ಸಿಕೋದಿಂದ ಕಿತ್ತುಕೊಂಡ ನಾಡಿಗೆ ಮತ್ತೊಂದು. ಬಣ್ಣಗಳು ಪಡುಗಡಲನ್ನು ಮುಟ್ಟಿದರೆ ಪಾಠ ಮುಗಿಯಿತು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, “ಬಣ್ಣ ಬಳಿಯುವ ಮೊದಲು ಅಲ್ಲಿ ಯಾರಿದ್ದರು, ಸಾರ್?” ಎಂದ. ನಾನು ಕೊಟ್ಟ ಎರಡು ವಾಕ್ಯದ ಉತ್ತರ ನನಗೇ ಸಾಲದೆನಿಸಿತು. ಅಂದು ಹೇಳದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜಾರ್ಜಿಯದ ಬೆಟ್ಟಸೀಮೆಯಲ್ಲಿ ಚೆರೊಕಿ ಎಂಬ ಜನರಿದ್ದರು. ಅವರಲ್ಲಿ ಸಿಕ್ವೋಯ ಎಂಬಾತ ಇಂಗ್ಲಿಷ್ ಓದಲು ಬಾರದವನು. ಬಿಳಿಯರು ಕಾಗದದ ಮೇಲೆ ಮಾತನ್ನು ಹಿಡಿದಿಡುವುದನ್ನು ಕಂಡು, ವರ್ಷಗಟ್ಟಲೆ ಹೆಣಗಿ, 1821ರ ಹೊತ್ತಿಗೆ ತನ್ನ ನುಡಿಗೆ ಲಿಪಿಯೊಂದನ್ನು ಕಟ್ಟಿದ. ನಮ್ಮ ಕಾಗುಣಿತದ ಹಾಗೆ ಒಂದೊಂದು ಉಲಿಗೆ ಒಂದೊಂದು ಗುರುತು. ಆದರೆ ‘ಕ’ಕ್ಕೂ ‘ಕಿ’ಗೂ ನಮ್ಮಲ್ಲಿರುವ ರೂಪದ ನಂಟು ಅಲ್ಲಿಲ್ಲ. ಕೆಲವೇ ವರ್ಷಗಳಲ್ಲಿ ಜನ ಅದನ್ನು ಕಲಿತರು. 1828ರಲ್ಲಿ ‘ಚೆರೊಕಿ ಫೀನಿಕ್ಸ್’ ಎಂಬ ಪತ್ರಿಕೆ ಎರಡು ಭಾಷೆಗಳಲ್ಲಿ ಹೊರಟಿತು. ಲಿಖಿತ ಸಂವಿಧಾನವೂ ಅವರಿಗಿತ್ತು. ‘ನಾಗರಿಕರಾಗಿರಿ, ಉಳಿಯುವಿರಿ’ ಎಂದು ಹೇಳುತ್ತಿದ್ದವರ ಮಾತನ್ನು ಇದಕ್ಕಿಂತ ಹೆಚ್ಚಾಗಿ ನಡೆಸಿಕೊಟ್ಟ ಜನರು ಯಾರಿದ್ದಾರು?

ಆದರೆ ಬಿಳಿಯರಿಗೆ ಬೇಕಾದದ್ದು ನೆಲ. ಲಂಕಾಷೈರಿನ ಗಿರಣಿಗಳು ಹತ್ತಿಗೆ ಬಾಯ್ದೆರೆದು ನಿಂತಿದ್ದವು; ಹತ್ತಿಯ ಹೊಲ ಪಶ್ಚಿಮಕ್ಕೆ ಸರಿದಂತೆಲ್ಲ ನೀಗ್ರೋ ಗುಲಾಮರನ್ನೂ ಅತ್ತ ಮಾರಿ ಸಾಗಿಸುತ್ತಿದ್ದರು. 1829ರಲ್ಲಿ ಚೆರೊಕಿ ಸೀಮೆಯಲ್ಲಿ ಚಿನ್ನವೂ ಸಿಕ್ಕಿತು. ಮರುವರ್ಷವೇ ಆದಿವಾಸಿಗಳನ್ನು ಮಿಸಿಸಿಪಿಯ ಆಚೆಗೆ ಕಳಿಸುವ ಕಾನೂನಾಯಿತು. ಜಾರ್ಜಿಯ ಸರ್ಕಾರ ಅವರ ಹೊಲಮನೆಗಳನ್ನು ಲಾಟರಿ ಎತ್ತಿ ಹಂಚಿತು! 1832ರಲ್ಲಿ ಸುಪ್ರೀಂ ಕೋರ್ಟು, ಆ ನೆಲದಲ್ಲಿ ಜಾರ್ಜಿಯದ ಕಾನೂನು ನಡೆಯದೆಂದು ತೀರ್ಪಿತ್ತರೂ ಅದನ್ನು ನಡೆಸುವವರಿರಲಿಲ್ಲ. 1835ರಲ್ಲಿ ಪತ್ರಿಕೆಯ ಮುದ್ರಣಯಂತ್ರವನ್ನು, ಅಚ್ಚುಮೊಳೆಗಳನ್ನು ಸಂಸ್ಥಾನದ ಕಾವಲುಪಡೆ ಹೊತ್ತೊಯ್ದಿತು. ಅದೇ ಡಿಸೆಂಬರಿನಲ್ಲಿ, ಮುಖ್ಯಸ್ಥ ಜಾನ್ ರಾಸ್ ಒಪ್ಪದಿದ್ದರೂ, ಬೆರಳೆಣಿಕೆಯ ಕೆಲವರು ಐವತ್ತು ಲಕ್ಷ ಡಾಲರಿಗೆ ನಾಡನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ರುಜು ಹಾಕಿದರು. ಸೆನೆಟ್ಟಿನಲ್ಲಿ ಅದು ಗೆದ್ದದ್ದು ಒಂದೇ ಒಂದು ಮತದಿಂದ.

1838ರ ಬೇಸಗೆಯಲ್ಲಿ ಸೈನಿಕರು ಮನೆಮನೆಯಿಂದ ಜನರನ್ನು ಹೊರಡಿಸಿ ದೊಡ್ಡಿಗಳಲ್ಲಿ ಕೂಡಿದರು. ಸುಮಾರು 16,000 ಜನ. ಬಹುಮಂದಿ ಆ ಚಳಿಗಾಲದಲ್ಲಿ ಸಾವಿರ ಮೈಲಿಯಷ್ಟು ದಾರಿಯನ್ನು ಸವೆಸಬೇಕಾಯಿತು. ಮಿಸಿಸಿಪಿಯಲ್ಲಿ ಹಿಮಗಡ್ಡೆಗಳು ತೇಲುತ್ತಿದ್ದುದರಿಂದ ದೋಣಿ ಸಾಗದೆ, ಗುಂಪುಗಳು ದಡದಲ್ಲೇ ಬೀಡುಬಿಟ್ಟವು. ಸತ್ತವರು ಸುಮಾರು ನಾಲ್ಕು ಸಾವಿರವೆಂಬುದು ರೂಢಿಯ ಅಂದಾಜು. ಮರೆಮಾಚಬಾರದ ಇನ್ನೊಂದು ಮಾತುಂಟು: ಅನುಕೂಲಸ್ಥ ಚೆರೊಕಿಗಳೂ ಗುಲಾಮರನ್ನು ಇಟ್ಟುಕೊಂಡಿದ್ದರು, ಆ ಗುಲಾಮರೂ ಅದೇ ದಾರಿ ನಡೆದರು. ಅವರ ಹೆಸರುಗಳನ್ನು ಬರೆದಿಟ್ಟವರು ಕಡಮೆ.

ಹೊಸ ನಾಡಾದರೂ ಉಳಿಯಿತೇ? 1898ರ ಕಾನೂನು ಎಲ್ಲರಿಗೂ ಸೇರಿದ್ದ ನೆಲವನ್ನು ತುಂಡುತುಂಡಾಗಿ ಹಂಚಿತು. 1907ರಲ್ಲಿ ಅದು ಒಕ್ಲಹೋಮ ಸಂಸ್ಥಾನದಲ್ಲಿ ಸೇರಿಹೋಯಿತು. ಆದರೂ 1844ರಲ್ಲೇ ಟಾಲಕ್ವಾ ಎಂಬ ಊರಿನಲ್ಲಿ ಅವರು ಮತ್ತೆ ಅಚ್ಚುಮೊಳೆ ಜೋಡಿಸಿ, ಮತ್ತೊಂದು ಪತ್ರಿಕೆ ಹೊರಡಿಸಿದ್ದರು. ಆ ಊರಿನ ಬೀದಿಯ ಹಲಗೆಗಳ ಮೇಲೆ ಇಂದಿಗೂ ಇಂಗ್ಲಿಷಿನ ಜೊತೆಗೆ ಸಿಕ್ವೋಯನ ಅಕ್ಷರಗಳಿವೆ. ನನ್ನ ಭೂಪಟದಲ್ಲಿ ಆ ಊರಿನ ಹೆಸರಿರಲಿಲ್ಲ. ಶಾಯಿಯಲ್ಲಿ ನಾನೇ ಬರೆದು ಸೇರಿಸಿದೆ.