ಮಕ್ಕಳ ಕೈಯಲ್ಲಿ ತಂದೆಯ ಪತ್ತು

ಉದ್ದರಿ ಪುಸ್ತಕವನ್ನು ಕಂಡವರು ವಾಚಕರಲ್ಲಿ ಅನೇಕರಿರಬಹುದು. ನಾನು ಬಾಲಕನಾಗಿದ್ದಾಗ ನಮ್ಮ ಮನೆಯಲ್ಲಿಯೂ ಅಂತಹದೊಂದು ಪುಸ್ತಕವಿತ್ತು. ಅದನ್ನು ಬೀದಿಯ ದಿನಸಿ ಅಂಗಡಿಗೆ ಒಯ್ದು, "ಅಪ್ಪನ ಲೆಕ್ಕಕ್ಕೆ ಬರೆದುಕೊಳ್ಳಿ" ಎಂದರೆ ಸಾಕು, ಶೆಟ್ಟರು ಅಕ್ಕಿ ಬೇಳೆ ಕಟ್ಟಿಕೊಡುತ್ತಿದ್ದರು. ಒಂದು ತಿಂಗಳು ನಾನು ಆ ಮಾತಿನ ಬಲದಿಂದ ಪೆಪ್ಪರಮೆಂಟನ್ನೂ ಒಂದು ಮಸಿ ಪೆನ್ನನ್ನೂ ತಂದುಕೊಂಡೆ. ಒಂದನೆಯ ತಾರೀಖು ತಂದೆಯವರು ಮರುಮಾತಿಲ್ಲದೆ ಹಣ ತೆತ್ತು ಬಂದರು. ಸಂಜೆ ಆ ಪುಟವನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿ ಕೂಡಿಸಿದರು. ಅಷ್ಟೇ ಶಿಕ್ಷೆ.

ಕಳೆದ ವರ್ಷ ಕಾಲೇಜಿಗೆಂದು ಮೈಸೂರಿಗೆ ಹೊರಟ ನನ್ನ ಮಗಳು, "ಅಪ್ಪಾ, ನಿಮ್ಮ ಕ್ರೆಡಿಟ್ ಕಾರ್ಡಿನ ಮೇಲೆ ನನಗೂ ಒಂದು ಆಡ್-ಆನ್ ಕಾರ್ಡು ಮಾಡಿಸಿಕೊಡಿ" ಎಂದಾಗ ನನಗೆ ಆ ಸಂಜೆ ನೆನಪಾಯಿತು. ಈ ಕೋರಿಕೆ ನಿಮ್ಮ ಮನೆಯಲ್ಲಿಯೂ ಹುಟ್ಟಬಹುದು. ಆದಕಾರಣ ಅದರ ಸ್ವರೂಪವನ್ನು ತಿಳಿದುಕೊಳ್ಳೋಣ.

ಕ್ರೆಡಿಟ್ ಎಂಬುದಕ್ಕೆ ಕನ್ನಡದಲ್ಲಿ 'ಪತ್ತು' ಎಂಬ ಒಳ್ಳೆಯ ಮಾತುಂಟು. ಪತ್ತಿನ ಸಹಕಾರ ಸಂಘ ಎನ್ನುತ್ತೇವಷ್ಟೆ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಹುಟ್ಟಿದ್ದೂ ಅಂತಹ ಸಂಘವೇ. ಕೊಂಡದ್ದನ್ನು ಹಿಂತಿರುಗಿಸುವನೆಂದು ಜನ ಒಬ್ಬನಲ್ಲಿಟ್ಟ ನಂಬಿಕೆಯೇ ಪತ್ತು. ಆಡ್-ಆನ್ ಕಾರ್ಡಿನ ಮೇಲೆ ಮಗಳ ಹೆಸರು ಅಚ್ಚಾಗಿರುತ್ತದೆ, ನಿಜ. ಆದರೆ ಅದರ ಹಿಂದಿರುವ ಪತ್ತು ತಂದೆಯದು. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನವು ಇದನ್ನು ಸ್ಪಷ್ಟಪಡಿಸಿದೆ: ಇಂತಹ ಕಾರ್ಡಿನ ಹೊಣೆ ಮೂಲ ಕಾರ್ಡುದಾರನದೇ. ಮಗಳು ಮೈಸೂರಿನಲ್ಲಿ ಕೊಂಡ ಪಾದರಕ್ಷೆ ನನ್ನ ಬಿಲ್ಲಿನಲ್ಲಿ ಬರುತ್ತದೆ. ಇಬ್ಬರ ಖರ್ಚಿಗೂ ಮಿತಿ ಒಂದೇ. ಒಂದೇ ಕೊಪ್ಪರಿಗೆಯ ನೀರನ್ನು ಎರಡು ತಂಬಿಗೆಗಳಿಂದ ಮೊಗೆದಂತೆ. ಬಿಲ್ಲು ತಡವಾದರೆ ಕುಂದುವುದು ನನ್ನ ಹೆಸರು. ಸಿಬಿಲ್ ಸಂಸ್ಥೆ ಸಾಲಗಾರರಿಗೆ 300ರಿಂದ 900ರವರೆಗೆ ಅಂಕವನ್ನು ಕೊಡುತ್ತದೆ. ನಾಳೆ ಮನೆ ಕಟ್ಟಲು ಸಾಲ ಕೇಳಿದರೆ ಬ್ಯಾಂಕಿನವರು ನೋಡುವುದು ಇಂತಹ ಅಂಕವನ್ನೇ.

ಇನ್ನು ಬಡ್ಡಿಯ ಮಾತು. ಬಿಲ್ಲಿನಲ್ಲಿ 'ಕನಿಷ್ಠ ಮೊತ್ತ' ಎಂಬ ಸಾಲೊಂದಿರುತ್ತದೆ. ಎಳೆಯರಿಗೆ ಅದು ರಿಯಾಯಿತಿಯಂತೆ ತೋರುತ್ತದೆ. ವಾಸ್ತವವಾಗಿ ಅದೇ ಬಲೆ. 20,000 ರೂಪಾಯಿಯ ಬಿಲ್ಲಿಗೆ 1,000 ಮಾತ್ರ ಕಟ್ಟಿದಿರೆನ್ನೋಣ. ಅನೇಕ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇಕಡ 3.5ರ ಆಸುಪಾಸಿನಲ್ಲಿದೆ, ಎಂದರೆ ವರ್ಷಕ್ಕೆ ಶೇಕಡ 42. ಉಳಿದ 19,000ಕ್ಕೆ ಒಂದೇ ತಿಂಗಳಲ್ಲಿ 665 ರೂಪಾಯಿ ಬಡ್ಡಿ. ಆ ಬಡ್ಡಿಯ ಮೇಲೆ ತೆರಿಗೆ ಬೇರೆ. ಅಲ್ಲದೆ ಬಾಕಿ ಉಳಿದಿರುವವರೆಗೆ ಹೊಸದಾಗಿ ಕೊಂಡ ವಸ್ತುಗಳಿಗೂ ಬಡ್ಡಿರಹಿತ ಅವಧಿ ಇಲ್ಲವಾಗುತ್ತದೆ. ಪೂರ್ತಿ ಬಿಲ್ಲನ್ನು ಗಡುವಿನೊಳಗೆ ಕಟ್ಟುವವನಿಗೆ ಕಾರ್ಡು ಸೇವಕ. ಕನಿಷ್ಠ ಕಟ್ಟುವವನಿಗೆ ಯಜಮಾನ.

ಹಾಗಾದರೆ ಕೊಡಲೇಬಾರದೆ? ಹಾಗೇನೂ ಇಲ್ಲ. ದೂರದ ಊರಿನಲ್ಲಿ ಮಗುವಿಗೆ ಜ್ವರ ಬಂದರೆ, ಅಪರಾತ್ರಿಯಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ಈ ಕಾರ್ಡು ನೆರವಾದೀತು. ಕೊಡುವ ಮೊದಲು ಕೆಲವು ಕಟ್ಟುಪಾಡುಗಳನ್ನು ಮಾಡಿಕೊಳ್ಳಿ. ಮಕ್ಕಳ ಕಾರ್ಡಿಗೆ ಪ್ರತ್ಯೇಕವಾದ ಕಡಿಮೆ ಮಿತಿಯನ್ನು ಗೊತ್ತುಮಾಡಲು ಅನೇಕ ಬ್ಯಾಂಕುಗಳಲ್ಲಿ ಅವಕಾಶವುಂಟು, ಕೇಳಿ ಮಾಡಿಸಿಕೊಳ್ಳಿ. ಆನ್‌ಲೈನ್ ಖರೀದಿ, ವಿದೇಶೀ ವ್ಯವಹಾರ ಮೊದಲಾದವನ್ನು ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವ ಸೌಕರ್ಯವನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕು 2020ರಲ್ಲಿ ಬ್ಯಾಂಕುಗಳಿಗೆ ಆದೇಶಿಸಿತು, ಅದನ್ನು ಉಪಯೋಗಿಸಿಕೊಳ್ಳಿ. ಯಂತ್ರಕ್ಕೆ ತಾಕಿಸಿದ ಮಾತ್ರಕ್ಕೆ, ಗುಪ್ತಸಂಖ್ಯೆಯ ಗೊಡವೆಯಿಲ್ಲದೆ ಹಣ ಹೋಗುವ ಮಿತಿಯನ್ನು 2021ರ ಜನವರಿಯಲ್ಲಿ 5,000 ರೂಪಾಯಿಗೆ ಏರಿಸಲಾಯಿತು. ಆದುದರಿಂದ ಕಾರ್ಡು ಕಳೆದುಹೋದರೆ ಬೈಗುಳಕ್ಕೆ ಅಂಜಿ ಮುಚ್ಚಿಡದೆ ಆ ಕ್ಷಣವೇ ತಿಳಿಸಬೇಕೆಂದು ಮಕ್ಕಳಿಗೆ ಹೇಳಿಡಿ.

ಹದಿನೆಂಟು ತುಂಬದ ಮಕ್ಕಳ ವಿಷಯ ಬೇರೆ. 1872ರ ಕರಾರು ಕಾಯಿದೆಯಂತೆ ಅಪ್ರಾಪ್ತ ವಯಸ್ಕರಿಗೆ ಕರಾರು ಮಾಡುವ ಅರ್ಹತೆಯಿಲ್ಲ. ಅನೇಕ ಬ್ಯಾಂಕುಗಳು ಹದಿನೆಂಟು ತುಂಬಿದವರಿಗೇ ಆಡ್-ಆನ್ ಕಾರ್ಡನ್ನು ಕೊಡುತ್ತವೆ. ಅಂತಹ ಎಳೆಯರಿಗೆ ಉಳಿತಾಯ ಖಾತೆಯೇ ಲೇಸು. ಹತ್ತು ತುಂಬಿದ ಮಕ್ಕಳು ತಾವೇ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕು 2025ರ ಏಪ್ರಿಲಿನಲ್ಲಿ ತಿಳಿಸಿತು. ಅಲ್ಲಿ ಇದ್ದಷ್ಟೇ ಹಣ, ಸಾಲಕ್ಕೆ ಎಡೆಯಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಹಾಸಿಗೆ ಬೇರೆಯಿಲ್ಲ.

ನನ್ನ ಮಗಳಿಗೆ ಹತ್ತೊಂಬತ್ತು ವರ್ಷ. ಕಾರ್ಡನ್ನು ಮಾಡಿಸಿಕೊಟ್ಟೆ, ಮಿತಿಯನ್ನು 5,000ಕ್ಕೆ ಇಟ್ಟೆ. ಷರತ್ತು ಒಂದೇ: ಬಿಲ್ಲು ಬಂದ ಭಾನುವಾರ ದೂರವಾಣಿಯಲ್ಲಿ ಅದನ್ನು ಅವಳೇ ನನಗೆ ಓದಿ ಹೇಳಬೇಕು. ಮೊದಲ ತಿಂಗಳು ಓದುತ್ತ ಓದುತ್ತ ಒಂದು ಸಾಲಿನ ಬಳಿ ಅವಳ ದನಿ ತಗ್ಗಿತು. ನಾನು ಏನೂ ಕೇಳಲಿಲ್ಲ. ಮೊತ್ತವನ್ನು ಪೂರ್ತಿಯಾಗಿ ಕಟ್ಟಿದೆ. ಎರಡನೆಯ ತಿಂಗಳು ಅಂತಹ ಸಾಲು ಇರಲಿಲ್ಲ.